ಕ್ಯಾಲೆಂಡರಿನ ಮೂಲೆಯ ಅಂಕಿ

ಗದಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಇಂಥವೇ ಕೆಲಸ. ಕಟಿಂಗ್ ಮಷಿನ್ ಪಕ್ಕದ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿದ್ದೇನೆ. ಪ್ರತಿ ತಾರೀಖಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ ಇರುತ್ತದೆ: 7, 6.5, 7, 8. ಗಿರಾಕಿಗಳು ಅದನ್ನು ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ. ಒಬ್ಬರಂತೂ "ದಿನಾ ಏಳು ಲೀಟರ್ ಯಾರ್ ಕುಡೀತಾರ್ರೀ?" ಎಂದು ಕೇಳಿಯೇಬಿಟ್ಟರು. ಅದು ಹಿಂದಿನ ರಾತ್ರಿ ನಾನು ಎಷ್ಟು ತಾಸು ಮಲಗಿದೆ ಎನ್ನುವ ಲೆಕ್ಕ.

ನನಗೆ ಬೈಪೋಲಾರ್ ಕಾಯಿಲೆ ಇದೆ. ಹೀಗೆ ಹೆಸರು ಹಿಡಿದು ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಇದರಲ್ಲಿ ಮನಸ್ಸು ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ, ಕೆಲವು ಕಾಲ ಮಿತಿಮೀರಿ ಏರುತ್ತದೆ. ಖಿನ್ನತೆ ಬಗ್ಗೆ ಈಗ ಜನ ಸ್ವಲ್ಪವಾದರೂ ಮಾತಾಡುತ್ತಾರೆ. ಏರುವ ದಿನಗಳ ಬಗ್ಗೆ ಮಾತೇ ಇಲ್ಲ. ಅದು ಶುರುವಾಗುವಾಗ ಕಾಯಿಲೆ ಥರ ಕಾಣುವುದಿಲ್ಲ, ಅದಕ್ಕೇ ಇರಬೇಕು. ಜ್ವರ ಬಂದರೆ ಮೈ ಬಿಸಿಯಾಗುತ್ತದೆ, ಹಲ್ಲು ಕೆಟ್ಟರೆ ನೋವಾಗುತ್ತದೆ. ಇದು ಬಂದರೆ ಏನಾಗುತ್ತದೆ ಹೇಳಿ? ಖುಷಿಯಾಗುತ್ತದೆ!

ನನ್ನ ಮೊದಲ ದೊಡ್ಡ ಏರು 2015ರಲ್ಲಿ, ತುಳಸಿ ಲಗ್ನ ಮುಗಿದು ಲಗ್ನಸರಾಯಿ ಶುರುವಾದಾಗ. ಪ್ರೆಸ್ಸಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದೆ. ಮೂರನೇ ರಾತ್ರಿ ಕೆಲಸ ಮುಗಿದಿತ್ತು, ಆದರೆ ನಿದ್ದೆ ಬರಲಿಲ್ಲ. ಬೇಕು ಅಂತಲೂ ಅನಿಸಲಿಲ್ಲ. ಮೂರು ತಾಸು ಮಲಗಿ ಎದ್ದರೆ ಮೈ ಹೂವಿನ ಹಾಗೆ ಹಗುರ. ಶಾಯಿಯ ಬಣ್ಣ ಕಣ್ಣಿಗೆ ಹೊಡೆಯುವಷ್ಟು ಗಾಢ. ಯಾವ ಗಿರಾಕಿ ಬಂದರೂ ಮಾತಲ್ಲಿ ಗೆದ್ದೆ. ಎರಡು ವಾರ ಹೀಗೆ ನಡೆಯಿತು. ಧಂದೆ ಚೆನ್ನಾಗಿಯೇ ಆಯಿತು. ಅವ್ವ "ನಮ್ಮ ತಮ್ಮಗ ಈಗ ಬುದ್ಧಿ ಬಂತು" ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು.

ಇದು ಹೈಪೋಮೇನಿಯಾ ಎಂದು ಆಮೇಲೆ ಗೊತ್ತಾಯಿತು. ಕನಿಷ್ಠ ನಾಲ್ಕು ದಿನ ಹೀಗೆ ಏರಿ ನಿಂತರೆ, ನೋಡುವವರಿಗೆ ಮನುಷ್ಯ ಬದಲಾಗಿದ್ದಾನೆ ಅನಿಸಿದರೂ ಕೆಲಸ-ಸಂಸಾರ ನಡೆದುಕೊಂಡು ಹೋಗುತ್ತಿದ್ದರೆ, ಅದು ಹೈಪೋಮೇನಿಯಾ. ಮೇನಿಯಾ ಇನ್ನೂ ಮುಂದಿನ ಮೆಟ್ಟಿಲು. ಅದು ಒಂದು ವಾರ ಅಥವಾ ಜಾಸ್ತಿ ಇರುತ್ತದೆ, ಇಲ್ಲಾ ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಜೋರಾಗಿರುತ್ತದೆ. ಇಲ್ಲದ್ದು ಕಾಣತೊಡಗಿದರೆ, ಕೇಳತೊಡಗಿದರೆ ಅದು ಮೇನಿಯಾನೇ. ಪುಸ್ತಕದಲ್ಲಿ ಎರಡರ ನಡುವೆ ಗೆರೆ ಇದೆ. ನಾನು ಆ ಗೆರೆ ಯಾವಾಗ ದಾಟಿದೆನೋ ನನಗೇ ಗೊತ್ತಾಗಲಿಲ್ಲ.

ಮೂರನೇ ವಾರ ದಿನಪತ್ರಿಕೆ ಶುರು ಮಾಡುವುದು ಎಂದು ತೀರ್ಮಾನಿಸಿದೆ. ಜಾಗಕ್ಕೆ ಅರವತ್ತು ಸಾವಿರ ಮುಂಗಡ ಕೊಟ್ಟೆ. ಉದ್ರಿಯಲ್ಲಿ ಎಂಬತ್ತು ರೀಮು ಕಾಗದ ತಂದು ನಡುಮನೆಯಲ್ಲಿ ಒಟ್ಟಿದೆ. ಒಂದು ರೀಮಿಗೆ ಐನೂರು ಹಾಳೆ. ಲೆಕ್ಕ ಹಾಕಿ ನೋಡಿ, ಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಆಮೇಲೆ ಲಗ್ನಪತ್ರಿಕೆಗಳು ನನ್ನ ಜೊತೆ ಮಾತಾಡತೊಡಗಿದವು. ಮದುಮಕ್ಕಳ ಹೆಸರುಗಳ ಮೊದಲ ಅಕ್ಷರ ಜೋಡಿಸಿದರೆ ನನಗೆ ಮಾತ್ರ ಬಂದ ಸುದ್ದಿ ಸಿಗುತ್ತಿತ್ತು. ಅದರ ಉಳಿದ ಭಾಗ ಹುಡುಕಿಕೊಂಡು ಒಂದು ನಡುರಾತ್ರಿ ಬೈಕ್ ಹತ್ತಿ ಡೋಣಿ ಕಡೆ ಹೊರಟೆ. ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ನನಗೇ ಸನ್ನೆ ಮಾಡುತ್ತಿದ್ದವು. ಈಗ ಬರೆಯುವಾಗ ನಗು ಬರುತ್ತದೆ. ಆವತ್ತು ಅದು ನನ್ನ ಕೈಯಷ್ಟೇ ನಿಜ.

ಊರವರು ಗಾಳಿ ಸೋಂಕು ಅಂದರು. ಎರಡು ಅಮಾವಾಸ್ಯೆ ಅದರಲ್ಲೇ ಹೋಯಿತು. ಕೊನೆಗೆ ಹೆಂಡತಿ ತನ್ನ ಅಣ್ಣನನ್ನು ಕರೆಸಿ ನನ್ನನ್ನು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳನ್ನು ಬೈದೆ. ಏನೇನು ಬೈದೆ ಅಂತ ಅವಳು ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಅದಕ್ಕೂ ಹಿಂದಿನ ವರ್ಷ ಒಬ್ಬ ಡಾಕ್ಟರು ನನಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟಿದ್ದರು. ಬೈಪೋಲಾರ್ ಇದ್ದವರಿಗೆ ಅದೊಂದನ್ನೇ ಕೊಟ್ಟರೆ ಕೆಲವರು ಮೇಲಕ್ಕೆ ಏರಿಬಿಡುತ್ತಾರೆ. ಅವರನ್ನು ದೂರುವುದಿಲ್ಲ. ಕಾಲೇಜಿನಲ್ಲಿದ್ದಾಗ ವಾರಗಟ್ಟಲೆ ನಿದ್ದೆಯಿಲ್ಲದೆ ಹಾರಾಡಿದ್ದನ್ನು ನಾನು ಹೇಳಿಯೇ ಇರಲಿಲ್ಲ. ಒಳ್ಳೆಯ ದಿನಗಳನ್ನು ಡಾಕ್ಟರಿಗೆ ಯಾರು ಹೇಳುತ್ತಾರೆ?

ಲಿಥಿಯಂ ಶುರುವಾಯಿತು. "ಬ್ಯಾಟರಿ ಒಳಗ ಇರೋದು ಅದ ಅಲ್ರೀ?" ಅಂದ ನಮ್ಮ ಪ್ರೆಸ್ಸಿನ ಹುಡುಗ. ಹೌದು, ಅದೇ ಧಾತು, ಗುಳಿಗೆಯಲ್ಲಿ ಉಪ್ಪಿನ ರೂಪದಲ್ಲಿ. ಮೇನಿಯಾಕ್ಕೆ ಅದು ಕೆಲಸ ಮಾಡುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಬರೆದರು. ಇಷ್ಟು ಹಳೇ ಔಷಧ ಇವತ್ತಿಗೂ ಮುಂದಿನ ಸಾಲಿನಲ್ಲೇ ಇದೆ. ಆದರೆ ಇದಕ್ಕೆ ಶಿಸ್ತು ಬೇಕು. ರಾತ್ರಿ ಗುಳಿಗೆ ತೆಗೆದುಕೊಂಡ 12 ತಾಸಿಗೆ ಪರೀಕ್ಷೆಗೆ ರಕ್ತ ಕೊಡಬೇಕು. ಅದರಲ್ಲಿ ನನ್ನ ಲಿಥಿಯಂ ಅಂಕಿ 0.6 ರಿಂದ 0.8ರ ಒಳಗೆ ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಇದೆ.

ಒಂದು ಏಪ್ರಿಲ್‌ನಲ್ಲಿ ನಾನು ಇದನ್ನು ಹಗುರವಾಗಿ ತೆಗೆದುಕೊಂಡೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ವಾಂತಿ-ಭೇದಿ ಆಗಿತ್ತು, ಜೊತೆಗೆ ಸೊಂಟನೋವು. ಅಂಗಡಿಯಿಂದ ಸುಮ್ನೆ ಒಂದು ನೋವಿನ ಗುಳಿಗೆ ತಂದು ಮೂರು ದಿನ ನುಂಗಿದೆ. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಗುಳಿಗೆಗಳೂ ಏರಿಸುತ್ತವೆ. ಕಟಿಂಗ್ ಮಷಿನ್ ಮುಂದೆ ನಿಂತಾಗ ಕೈ ನಡುಗುವುದು ಕಂಡಿತು. ನಾಲಿಗೆಯೂ ತೊದಲುತ್ತಿತ್ತು. ಬ್ಲೇಡಿನ ಕೆಳಗೆ ಬೆರಳು ಇಡುವ ಕೆಲಸ ನಮ್ಮದು. ಹುಡುಗ ಸ್ವಿಚ್ ಆರಿಸಿ ನನ್ನನ್ನು ಸೀದಾ ಆಸ್ಪತ್ರೆಗೆ ಕರೆದೊಯ್ದ. ಈಗ ಯಾವ ಔಷಧದಂಗಡಿಗೆ ಹೋದರೂ "ನಾನು ಲಿಥಿಯಂ ತಗೋತೀನಿ" ಅನ್ನುವುದೇ ನನ್ನ ಮೊದಲ ಮಾತು.

2018ರಲ್ಲಿ ಗುಳಿಗೆ ಬಿಟ್ಟೆ. ಕಾರಣ ನಾಚಿಕೆಯದು. ಆ ಖುಷಿ ಬೇಕಾಗಿತ್ತು. ಗುಳಿಗೆ ಮೇಲಿದ್ದಾಗ ಲೋಕ ಕಪ್ಪು-ಬಿಳುಪು ಪ್ರಿಂಟು, ಬಿಟ್ಟರೆ ನಾಲ್ಕು ಬಣ್ಣ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಬಣ್ಣ ಬಂತು. ಹಿಂದೆಯೇ ಎರಡೂವರೆ ಲಕ್ಷ ಸಾಲವೂ ಬಂತು. ಆಮೇಲೆ ಏಳು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಎದ್ದ ಮೇಲೆ ನಾನು, ಹೆಂಡತಿ ಕೂತು ಕೆಲವು ಕಟ್ಟು ಮಾಡಿಕೊಂಡೆವು. ಹತ್ತು ಸಾವಿರದ ಮೇಲಿನ ಖರೀದಿಗೆ ಅವಳ ಒಪ್ಪಿಗೆ ಬೇಕು. ರಾತ್ರಿ ಒಂಬತ್ತರ ಮೇಲೆ ಯಾವ ಸಹಿಯೂ ಇಲ್ಲ. ರಾತ್ರಿಪಾಳಿ ಹುಡುಗರದು, ನನ್ನದಲ್ಲ. ಸತತ ಎರಡು ರಾತ್ರಿ ಅಂಕಿ ಐದರ ಕೆಳಗೆ ಹೋದರೆ ಅವಳು ಡಾಕ್ಟರಿಗೆ ಫೋನ್ ಮಾಡುತ್ತಾಳೆ, ನನ್ನನ್ನು ಕೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮ್ಮ ಪರವಾಗಿ ನಿಲ್ಲುವವರನ್ನು ನಾವೇ ಆರಿಸಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಆಯಿತು. ನಮ್ಮಲ್ಲಿ ಹಾಳೆಗೇನು ಕೊರತೆ? ಎಂಬತ್ತು ರೀಮಿನಲ್ಲಿ ಉಳಿದ ಒಂದು ಹಾಳೆಯ ಮೇಲೇ ಅವಳ ಹೆಸರು ಬರೆದೆ. ರಾತ್ರಿ ಹೊತ್ತು ಡಾಕ್ಟರು ಸಿಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕೂಡ ಕ್ಯಾಲೆಂಡರಿನ ಮೇಲೆ ಬರೆದಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕಟ್ಟು ಮಾಡುವುದು ಸುಲಭ, ಅದರೊಳಗೆ ಬದುಕುವುದು ಕಷ್ಟ. ಸ್ವಲ್ಪ ಜೋರಾಗಿ ನಕ್ಕರೂ ಮನೆಯವರ ಕಣ್ಣು ನನ್ನ ಮೇಲೆ. ಒಮ್ಮೆ ರೇಗಿದೆ. "ನಾ ಖುಷಿಯಾಗಿ ಇರೂದೂ ತಪ್ಪೇನ?"

ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಇರ್ರಿ, ಯಾರ್ ಬ್ಯಾಡ ಅಂದಾರ? ಮಕ್ಕೊಂಡು ಎದ್ದು ಖುಷಿ ಇರ್ರಿ."

ಬರೀ ಖುಷಿ ಯಾವುದು, ಏರು ಯಾವುದು ಎಂದು ತಿಳಿಯಲು ನನ್ನದೇ ಒಂದು ಪರೀಕ್ಷೆ ಇದೆ. ಡಾಕ್ಟರ ಪುಸ್ತಕದಲ್ಲಿ ಇದು ಇರಲಿಕ್ಕಿಲ್ಲ. ಒಂದು ಬಿಲ್ ಪುಸ್ತಕದ ಪ್ರೂಫ್ ತೆಗೆದುಕೊಂಡು ಕೂರುತ್ತೇನೆ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ನಮ್ಮ ರಾಜ್ಯದ್ದು 29ರಿಂದ ಶುರು. ಅದನ್ನು ಹಿಂದಿನಿಂದ ಮುಂದಕ್ಕೆ ಒಂದೊಂದೇ ಓದಬೇಕು. ಸುಮ್ನೆ ಖುಷಿಯಲ್ಲಿದ್ದಾಗ ಓದುತ್ತೇನೆ, ತಪ್ಪು ಸಿಗುತ್ತದೆ. ಏರುವಾಗ ನಾಲ್ಕನೇ ಅಂಕಿಗೇ ಬೇಸರ, ಇಡೀ ಬಿಲ್ಲಿನ ವಿನ್ಯಾಸವನ್ನೇ ಬದಲಿಸಬೇಕು ಅನಿಸುತ್ತದೆ. ಆಗ ತಪ್ಪುಗಳೇ ಕಾಣುವುದಿಲ್ಲ.

ಈ ಸಲ ಅಕ್ಷಯ ತೃತೀಯದ ಮುಂಚೆ ಗೋಡೆಯ ಮೇಲೆ 5.5 ಇತ್ತು, ಮರುದಿನ 4.5. ನನಗೆ ಏನೂ ಆಗಿಲ್ಲ ಅನಿಸುತ್ತಿತ್ತು. ಹುಬ್ಬಳ್ಳಿಗೆ ಹೋಗಿ ಹೊಸ ಡಿಜಿಟಲ್ ಮಷಿನ್ನಿನ ಕೊಟೇಶನ್ ಕೂಡ ತಂದಿದ್ದೆ. ಆದರೂ ಕೂತು ಒಂದು ಹಾರ್ಡ್‌ವೇರ್ ಅಂಗಡಿಯ ಪ್ರೂಫ್ ಓದಿ "ಸರಿ ಇದೆ" ಎಂದು ಸಹಿ ಹಾಕಿ ಹುಡುಗನಿಗೆ ಕೊಟ್ಟೆ. ಅವನು ನೋಡಿ, ನನ್ನ ಮುಖ ನೋಡಿ, ಮತ್ತೆ ಹಾಳೆ ನೋಡಿದ.

"ಅಣ್ಣಾರ, ಮೂರು ತಪ್ಪ ಅದಾವ್ರೀ. ನಂಬರ್ ಹದಿನಾಲ್ಕ ಅಕ್ಷರ ಐತಿ."

ಮರುದಿನ 4 ಬಂತು. ಮಾತಿನಂತೆ ಅವಳು ಫೋನ್ ಮಾಡಿದಳು. ಡಾಕ್ಟರು ರಾತ್ರಿಯ ಗುಳಿಗೆಯಲ್ಲಿ ಬದಲಾವಣೆ ಮಾಡಿದರು. ವಾರವಿಡೀ ಸಂಜೆ ಆರಕ್ಕೇ ಅಂಗಡಿ ಬಿಟ್ಟು ಮನೆಗೆ ಹೋದೆ. ಲಗ್ನಸರಾಯಿಯಲ್ಲಿ ಅದು ಎಂಥ ಸಂಕಟ ಅಂತ ಪ್ರೆಸ್ಸಿನವರಿಗೇ ಗೊತ್ತು. ಐದನೇ ದಿನ 9 ಬರೆದೆ.

ಆ ಮಷಿನ್ ಈಗಲೂ ಬೇಕು ಅನಿಸುತ್ತದೆ. ಕೊಟೇಶನ್ ಅವಳ ಟ್ರಂಕಿನಲ್ಲಿದೆ. ದೀಪಾವಳಿ ಆದ ಮೇಲೆ ತೆಗೆದು ನೋಡೋಣ ಅಂದಿದ್ದಾಳೆ.