ಗಟ್ಟಿಮೇಳಕ್ಕೂ ತಡೆಯಬೇಕು, ಟ್ಯೂಬ್‌ಲೈಟಿಗೂ ತಡೆಯಬೇಕು: ಮನೆಯ ಮಟ್ಟಿಗೊಂದು ಕ್ಯಾಮ್‌ಕಾರ್ಡರ್

ಕ್ಯಾಮ್‌ಕಾರ್ಡರ್ ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿರುವುದು ಜೂಮ್ ಅಂಕಿ. ಮನೆಯೊಳಗಿನ ಚಿತ್ರೀಕರಣದಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ತುಮಕೂರಿನ ಮನೆಗಳಲ್ಲಿ ನಾನು ಹಿಡಿಯುವುದು ನಾಮಕರಣ, ಆರತಿ, ಗೃಹಪ್ರವೇಶ, ಅರಿಶಿನ ಶಾಸ್ತ್ರ, ಹಬ್ಬದ ಅಡುಗೆಮನೆ. ಹತ್ತಡಿ, ಹನ್ನೆರಡಡಿ ಕೋಣೆಯಲ್ಲಿ ಇಪ್ಪತ್ತು ಜನ. ಗೋಡೆಗೆ ಬೆನ್ನು ಕೊಟ್ಟು ನಿಂತ ಮೇಲೆ ಇನ್ನು ಹಿಂದೆ ಸರಿಯಲು ಜಾಗವಿರುವುದಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ಲೆನ್ಸಿನ ಅಗಲವನ್ನು, ಅಂದರೆ ಅದರೊಳಗೆ ಎಷ್ಟು ಅಗಲದ ನೋಟ ಹಿಡಿಸುತ್ತದೆ ಎಂಬುದನ್ನು.

ಅದಕ್ಕೊಂದು ಸುಲಭ ಲೆಕ್ಕವಿದೆ. ಕೈಪಿಡಿಯ ಕೊನೆಯ ಪುಟಗಳಲ್ಲಿ '35 ಎಂಎಂಗೆ ಸಮಾನ' ಎಂದು ಎರಡು ಅಂಕಿ ಕೊಟ್ಟಿರುತ್ತಾರೆ. ಅದರಲ್ಲಿ ಚಿಕ್ಕದನ್ನು ತೆಗೆದುಕೊಂಡು, 36ನ್ನು ಅದರಿಂದ ಭಾಗಿಸಿ, ಎಷ್ಟು ಅಡಿ ದೂರದಲ್ಲಿ ನಿಲ್ಲುತ್ತೀರೋ ಅದರಿಂದ ಗುಣಿಸಿ. 26.8 ಎಂಎಂ ಲೆನ್ಸಿಗೆ ಹತ್ತಡಿ ದೂರದಲ್ಲಿ ಹದಿಮೂರು ಅಡಿ ಅಗಲ ಸಿಗುತ್ತದೆ. 42 ಎಂಎಂಗೆ ಎಂಟೂವರೆ ಅಡಿ ಮಾತ್ರ. ತೊಟ್ಟಿಲು, ಅದರ ಎರಡೂ ಬದಿ ನಿಂತ ಅಜ್ಜಿಯರು, ಹಿಂದೆ ಜೋಗುಳ ಹಾಡುವವರು ಎಲ್ಲ ಹದಿಮೂರು ಅಡಿಯಲ್ಲಿ ಹಿಡಿಸುತ್ತಾರೆ. ಎಂಟೂವರೆಯಲ್ಲಿ ಒಬ್ಬ ಅಜ್ಜಿ ಹೊರಗೆ ಉಳಿಯುತ್ತಾರೆ. ಹಳೆಯ ಟೇಪ್ ಕ್ಯಾಮೆರಾಗಳಲ್ಲಿ 40 ದಾಟಿದವೇ ಹೆಚ್ಚು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನೊಂದು ಮಾತು. ಕೈ ಅಲುಗಾಟ ತಡೆಯುವ ವ್ಯವಸ್ಥೆ ಎರಡು ಬಗೆ. ಲೆನ್ಸಿನ ಗಾಜೇ ಸರಿದು ಅಲುಗಾಟ ತಡೆಯುವುದು ಒಂದು, ಚಿತ್ರದ ಅಂಚನ್ನು ಕತ್ತರಿಸಿ ಉಳಿದದ್ದನ್ನು ಸ್ಥಿರಗೊಳಿಸುವುದು ಇನ್ನೊಂದು. ಎರಡನೆಯದನ್ನು ಹಾಕಿದ ಕ್ಷಣ ಹದಿಮೂರು ಅಡಿಯಲ್ಲಿ ಒಂದೆರಡು ಅಡಿ ಹೋಗಿಬಿಡುತ್ತದೆ. ಅಂಗಡಿಯಲ್ಲೇ ಆನ್ ಆಫ್ ಮಾಡಿ ಪರದೆಯ ಅಂಚು ನೋಡಿದರೆ ತಿಳಿಯುತ್ತದೆ. ಟ್ರೈಪಾಡ್ ಮೇಲಿಟ್ಟಾಗ ಯಾವುದೇ ಬಗೆಯದಿದ್ದರೂ ಆಫ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸಿ ನಿಲ್ಲಿಸಿದ ಮೇಲೂ ಚಿತ್ರ ಸ್ವಲ್ಪ ಹೊತ್ತು ತಾನಾಗಿ ತೇಲುತ್ತದೆ.

ಅಗಲ ಆದ ಮೇಲೆ ಬೆಳಕು. ಸೋನಿಯ ಸಿಎಕ್ಸ್405 ಮಾದರಿಯ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್) 1/5.8 ಇಂಚಿನದು, ಎಎಕ್ಸ್43ರದ್ದು 1/2.5 ಇಂಚಿನದು. ಕಾಗದದ ಮೇಲೆ ಸಣ್ಣ ವ್ಯತ್ಯಾಸದಂತೆ ಕಂಡರೂ ವಿಸ್ತೀರ್ಣದಲ್ಲಿ ಸುಮಾರು ಐದು ಪಟ್ಟು. ಮಧ್ಯಾಹ್ನ ನಾಮದ ಚಿಲುಮೆಯಲ್ಲಿ ಜಿಂಕೆ ಹಿಡಿದರೆ ಎರಡರ ನಡುವೆ ಅಂಥ ಅಂತರವೇನೂ ಕಾಣಿಸದು. ಸಂಜೆ ಏಳಕ್ಕೆ ಒಂದೇ ಬಲ್ಬಿನ ದೇವರ ಮನೆಯಲ್ಲಿ ಕಾಣಿಸುತ್ತದೆ: ಚಿಕ್ಕ ಸೆನ್ಸರಿನ ಚಿತ್ರದಲ್ಲಿ ರೇಷ್ಮೆ ಸೀರೆಯ ಜರಿ ಕರಗಿ, ಕಪ್ಪು ಭಾಗದಲ್ಲೆಲ್ಲ ರಾಗಿ ಹಿಟ್ಟು ಚೆಲ್ಲಿದಂತೆ ಕಾಳುಕಾಳು ಏಳುತ್ತದೆ. ಹಗಲು ಹೊರಗಿನ ಚಿತ್ರೀಕರಣವೇ ಹೆಚ್ಚು ಎನ್ನುವವರಿಗೆ ಚಿಕ್ಕದು ಸಾಕು, ಹಗುರವೂ ಹೌದು. ಮನೆಯೊಳಗೇ ಮುಕ್ಕಾಲು ಪಾಲು ಎನ್ನುವವರು 4ಕೆ ಇದೆಯೋ ಇಲ್ಲವೋ ಎಂಬುದನ್ನು ಬದಿಗಿಟ್ಟು ಸೆನ್ಸರಿಗೆ ಹಣ ಹಾಕುವುದು ಲೇಸು. ಪ್ಯಾನಾಸೋನಿಕ್‌ನ ಎಚ್‌ಸಿ-ವಿ785 ಫುಲ್ ಎಚ್‌ಡಿಯಷ್ಟೇ ಕೊಡುತ್ತದೆ, ಆದರೆ ಸೆನ್ಸರ್ 1/2.3 ಇಂಚು, ಮೇಲಾಗಿ ಮೈಕ್ ಸಿಕ್ಕಿಸುವ ರಂಧ್ರವಿದೆ.

ಬೆಳಕಿನ ವಿಷಯದಲ್ಲಿ ನಮ್ಮ ಕಡೆ ಅತಿ ಹೆಚ್ಚು ಜನ ಎಡವುವುದು ಅಮೆರಿಕದಿಂದ ಬಂದ ಕ್ಯಾಮೆರಾದಿಂದ. ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಡುತ್ತಾರೆ. ಹೊರಗೆ ಚೆನ್ನಾಗಿ ಬರುತ್ತದೆ, ಕಲ್ಯಾಣ ಮಂಟಪದೊಳಗೆ ಹೋದರೆ ಚಿತ್ರವಿಡೀ ಮಿಣಮಿಣ ಎನ್ನುತ್ತದೆ. ಕ್ಯಾಮೆರಾ ಕೆಟ್ಟಿರುವುದಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಚೋಕ್ ಹಾಕಿದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಲ್ಲಿಯ ಕ್ಯಾಮೆರಾ ಸೆಕೆಂಡಿಗೆ 60 ಸಲ ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಅವಧಿಗೆ ಒಂದೂ ಮುಕ್ಕಾಲಿನ ಹತ್ತಿರ ಮಿನುಗು ಬೀಳುವುದರಿಂದ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು. ಇಲ್ಲಿ ಮಾರುವ, ಸೆಕೆಂಡಿಗೆ 50 ಸಲ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ 1/50 ಸೆಕೆಂಡಿನ ಶಟರಿಗೆ (ಒಂದು ಚಿತ್ರಕ್ಕೆ ಬೆಳಕು ಒಳಬಿಡುವ ಅವಧಿಗೆ) ಸರಿಯಾಗಿ ಎರಡು ಮಿನುಗು ಬೀಳುತ್ತವೆ, ಎಲ್ಲ ಚಿತ್ರವೂ ಒಂದೇ ಸಮ. ಅಮೆರಿಕದ ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದು, ಅದರಲ್ಲಿ ಶಟರ್ ಕೈಯಿಂದ ಹೊಂದಿಸಲು ಬಂದರೆ 1/100ಕ್ಕೆ ಇಡಿ, ಮಿಣುಕು ನಿಲ್ಲುತ್ತದೆ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಅಗ್ಗದ ಸಣ್ಣ ಮಾದರಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಮೆನುವಿನಲ್ಲಿ 50ಕ್ಕೆ ಬದಲಿಸಲು ಬರುತ್ತದೋ ನೋಡಿಕೊಂಡೇ ತರಲು ಹೇಳಿ.

ಹೋಮದ ಮುಂದೆ ಬೆಳಕನ್ನು ತಾನಾಗಿ ಹೊಂದಿಸಿಕೊಳ್ಳಲು ಬಿಟ್ಟರೆ ಕ್ಯಾಮೆರಾ ಜ್ವಾಲೆಗೆ ಹೊಂದಿಕೊಂಡು ದಂಪತಿಯ ಮುಖ ಕಪ್ಪಾಗಿಸುತ್ತದೆ. ಪರದೆಯ ಮೇಲೆ ಮುಖವನ್ನು ಮುಟ್ಟಿದರೆ ಅಲ್ಲಿಗೇ ಬೆಳಕನ್ನೂ ಫೋಕಸ್ಸನ್ನೂ ನಿಲ್ಲಿಸುವ ಸೌಲಭ್ಯ ಇರುವ ಮಾದರಿಯೇ ಬೇಕು. ಫೋಕಸ್ ನಿಲ್ಲಿಸದಿದ್ದರೆ ಹೊಗೆ ಬಂದಾಗಲೆಲ್ಲ ಲೆನ್ಸ್ ಹೊಗೆಯನ್ನೂ ಮುಖವನ್ನೂ ಹುಡುಕುತ್ತ ಹಿಂದೆ ಮುಂದೆ ಓಡಾಡುತ್ತದೆ.

ಈಗ ಧ್ವನಿ. ನನ್ನ ಮಟ್ಟಿಗೆ ಚಿತ್ರಕ್ಕಿಂತ ಇದೇ ದೊಡ್ಡದು. ಇಪ್ಪತ್ತು ವರ್ಷದ ನಂತರ ಮಂಕಾದ ಚಿತ್ರವನ್ನು ಸಹಿಸಿಕೊಂಡು ನೋಡಬಹುದು, ತಾತನ ಮಾತು ಕೇಳಿಸದಿದ್ದರೆ ಏನು ಮಾಡಲೂ ಆಗದು.

ಧಾರೆಯ ಹೊತ್ತನ್ನು ಗಮನಿಸಿ. ಪುರೋಹಿತರು ಮೆಲ್ಲಗೆ ಮಂತ್ರ ಹೇಳುತ್ತಿರುತ್ತಾರೆ. ಕ್ಯಾಮೆರಾದೊಳಗಿನ ತಾನಾಗಿ ಹೊಂದಿಸುವ ವ್ಯವಸ್ಥೆ ಧ್ವನಿ ಸಣ್ಣದೆಂದು ಮೈಕನ್ನು ಪೂರ್ತಿ ಏರಿಸಿಕೊಂಡಿರುತ್ತದೆ. ಅಷ್ಟರಲ್ಲಿ 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗು. ಡೋಲು, ನಾಗಸ್ವರ ಒಟ್ಟಿಗೆ ನುಗ್ಗುತ್ತವೆ. ಮೊದಲ ಏಟು ಒಡೆದು ಕರಕರ ಎನ್ನುತ್ತದೆ, ಆಮೇಲೆ ವ್ಯವಸ್ಥೆ ದಿಢೀರನೆ ಇಳಿಸಿಬಿಡುತ್ತದೆ. ಓಲಗ ನಿಂತ ಮೇಲೆ ಮತ್ತೆ ಏರಲು ಕೆಲವು ಸೆಕೆಂಡು ಬೇಕು, ಆ ಸೆಕೆಂಡುಗಳಲ್ಲಿ ಹೆಣ್ಣಿನ ತಂದೆ ಗಂಟಲು ಕಟ್ಟಿ ಆಡುವ ಮಾತು ಹೋಗಿಬಿಡುತ್ತದೆ. ಇದಕ್ಕೆ ಮೂರು ಬೇಕು: ಮೈಕ್ ರಂಧ್ರ, ಹೆಡ್‌ಫೋನ್ ರಂಧ್ರ, ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಮೆನು. ಸಿಎಕ್ಸ್405ರಂಥ ಮೊದಲ ಮೆಟ್ಟಿಲಿನ ಮಾದರಿಗಳಲ್ಲಿ ಮೈಕ್ ರಂಧ್ರವಿಲ್ಲ, ಎಎಕ್ಸ್43ರಲ್ಲಿ ಇದೆ. ಓಲಗದವರು ಮಂಟಪಕ್ಕೆ ಬಂದು ಶ್ರುತಿ ನೋಡುವಾಗಲೇ ಮಟ್ಟ ಹೊಂದಿಸುತ್ತೇನೆ: ಅತಿ ಜೋರಿನ ಹೊಡೆತಕ್ಕೆ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು (ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ). ಮಂತ್ರ ಸಣ್ಣದಾಗಿ ಬಂದರೂ ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ಏರಿಸಬಹುದು. ಒಡೆದ ಧ್ವನಿಯನ್ನು ಮಾತ್ರ ಸರಿಪಡಿಸಲಾಗದು.

ಹೊರಗಡೆ ಶತ್ರು ಗಾಳಿ. ದೇವರಾಯನದುರ್ಗದ ಮೇಲೆ, ಮಧುಗಿರಿ ಬೆಟ್ಟದ ಅರ್ಧ ದಾರಿಯಲ್ಲಿ ಬರೀ ಮೈಕು ಹಿಡಿದರೆ ಗುಡುಗಿನಂಥ ಸದ್ದು ಬಿಟ್ಟು ಬೇರೇನೂ ದಾಖಲಾಗುವುದಿಲ್ಲ. ಮೆನುವಿನ ಗಾಳಿ ತಡೆ ಕೆಳಸ್ವರವನ್ನೇ ಕತ್ತರಿಸುತ್ತದೆ, ಅದರ ಜೊತೆ ಗಂಡಸರ ದನಿಯ ತೂಕವೂ ಹೋಗುತ್ತದೆ. ಉದ್ದ ಕೂದಲಿನ ಕೃತಕ ತುಪ್ಪಳದ ತುಂಡನ್ನು ಮೈಕ್ ಜಾಲರಿಯ ಸುತ್ತ ಎರಡು ಬದಿಯ ಟೇಪಿನಿಂದ ಅಂಟಿಸಿದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಲೆನ್ಸಿಗೆ ಕೂದಲು ಅಡ್ಡ ಬರದಂತೆ ಕತ್ತರಿಸಿಕೊಳ್ಳಬೇಕು.

ಮೆಮೊರಿ ಕಾರ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಸೆಕೆಂಡಿಗೆ 24 ಮೆಗಾಬಿಟ್‌ನ ಎವಿಸಿಎಚ್‌ಡಿ (ವಿಡಿಯೊ ಉಳಿಸುವ ಒಂದು ಬಗೆ) ಗಂಟೆಗೆ ಸುಮಾರು 11 ಜಿಬಿ ತಿನ್ನುತ್ತದೆ, 50 ಮೆಗಾಬಿಟ್ ಆದರೆ 22.5 ಜಿಬಿ, 100 ಮೆಗಾಬಿಟ್‌ನ 4ಕೆ ಆದರೆ 45 ಜಿಬಿ. ಅಂದರೆ 64 ಜಿಬಿ ಕಾರ್ಡಿನಲ್ಲಿ 4ಕೆ ಒಂದೂಕಾಲು ಗಂಟೆಯ ಮೇಲೆ ಸ್ವಲ್ಪ ಅಷ್ಟೇ. 100 ಮೆಗಾಬಿಟ್‌ಗೆ ಬರೆಯುವ ವೇಗ ಸೂಚಿಸುವ ಯು3 ಗುರುತಿನ ಕಾರ್ಡೇ ಬೇಕು. ನಕಲಿ ಕಾರ್ಡು ಬಹಳ ಬರುತ್ತವೆ: ಮೇಲೆ 64 ಎಂದಿದ್ದರೂ ಒಳಗೆ 8 ಇರುತ್ತದೆ, ಅದು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಹೊಸ ಕಾರ್ಡನ್ನು ಎಚ್‌2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡದೆ ಸಮಾರಂಭಕ್ಕೆ ಒಯ್ಯುವುದಿಲ್ಲ. ಎವಿಸಿಎಚ್‌ಡಿಯಲ್ಲಿ ಉದ್ದನೆಯ ಚಿತ್ರೀಕರಣ ಮಾದರಿಗೆ ತಕ್ಕಂತೆ 2 ಅಥವಾ 4 ಜಿಬಿ ತುಂಡುಗಳಾಗಿ ಕೂರುತ್ತದೆ. ತುಂಡುಗಳನ್ನಷ್ಟೇ ಎತ್ತಿಕೊಂಡು ಜೋಡಿಸಿದರೆ ಕೂಡುವಲ್ಲಿ ಧ್ವನಿ ಕುಕ್ಕುತ್ತದೆ. ಕಾರ್ಡಿನ 'ಪ್ರೈವೇಟ್' ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಕ್ಯಾಮೆರಾ ಜೊತೆ ಕೊಡುವ ತಂತ್ರಾಂಶದಲ್ಲೇ ಕೂಡಿಸಬೇಕು.

ಬ್ಯಾಟರಿಯ ಅವಧಿ ಎರಡು ಬರೆದಿರುತ್ತಾರೆ, ಸತತ ಚಿತ್ರೀಕರಣದ್ದು ಮತ್ತು ಸಾಮಾನ್ಯ ಬಳಕೆಯದು. ಎರಡನೆಯದು ಮೊದಲನೆಯದರ ಅರ್ಧದಷ್ಟಿರುತ್ತದೆ, ಅದನ್ನೇ ನಂಬಿ. ಬ್ಯಾಟರಿ ಹಿಂಬದಿಗೆ ಕಚ್ಚಿಕೊಳ್ಳುವ ಮಾದರಿಗೆ ಆಮೇಲೆ ದೊಡ್ಡದನ್ನು ಹಾಕಬಹುದು, ಒಳಗೆ ಮುಚ್ಚಳ ಹಾಕಿ ಕೂರಿಸುವ ಮಾದರಿಗೆ ಆಗದು.

ಹೊಸ ಮಾದರಿಗಳು ಅಂಗಡಿಯಲ್ಲಿ ಕಡಿಮೆಯಾಗಿ, ಸೆಕೆಂಡ್‌ಹ್ಯಾಂಡ್ ನೋಡುವವರು ಹೆಚ್ಚಿದ್ದಾರೆ. ಹೋಗುವಾಗ ಸ್ವಂತ ಕಾರ್ಡು, ಒಂದು ಟಾರ್ಚು ಒಯ್ಯಿರಿ. ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದಾಗ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಪರದೆಯನ್ನು ನಿಧಾನವಾಗಿ ಪೂರ್ತಿ ತೆರೆದು, ತಿರುಗಿಸಿ, ಮುಚ್ಚಿ. ನಡುವೆ ಎಲ್ಲಾದರೂ ಚಿತ್ರ ಮಿಂಚಿದರೆ ಕೀಲಿನೊಳಗಿನ ಪಟ್ಟಿ ಕೇಬಲ್ ಸವೆದಿದೆ. ಲೆನ್ಸ್ ಮುಚ್ಚಿ ಅರ್ಧ ನಿಮಿಷ ಚಿತ್ರೀಕರಿಸಿ ಟಿವಿಯಲ್ಲಿ ನೋಡಿ, ಕಪ್ಪಿನಲ್ಲಿ ಚುಕ್ಕಿ ಹೊಳೆದರೆ ಸೆನ್ಸರಿನ ಬಿಂದುಗಳು ಕೆಟ್ಟಿವೆ. ಕಣದಲ್ಲಿ ರಾಗಿ ತೂರುವುದನ್ನೋ ಸಿದ್ಧಗಂಗೆ ಜಾತ್ರೆಯ ದನಗಳ ಸಾಲನ್ನೋ ಹಿಡಿದ ಕ್ಯಾಮೆರಾ ಆದರೆ ಜೂಮನ್ನು ಈ ತುದಿಯಿಂದ ಆ ತುದಿಗೆ ಐದಾರು ಸಲ ಓಡಿಸಿ, ಕಿವಿಗೆ ಹಿಡಿದು ಕೇಳಿ. ಕರಕರ ಎಂದರೆ ಧೂಳು ಒಳಗೆ ಸೇರಿದೆ, ಅದನ್ನು ಮನೆಯಲ್ಲಿ ತೆಗೆಯಲಾಗದು.

ಕೊನೆಗೆ ಗಡಿಯಾರ. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಕ್ಯಾಮೆರಾದ ಒಳಗಿನ ಪುಟ್ಟ ಬ್ಯಾಟರಿ ಖಾಲಿಯಾಗಿ ತಾರೀಕು ಮೊದಲಿಗೆ ಹೋಗಿರುತ್ತದೆ. ನಾಮಕರಣ ಯಾವ ವರ್ಷದ್ದೆಂದು ಫೈಲ್ ನೋಡಿ ತಿಳಿಯಲಾರದು. ಸಮಾರಂಭಕ್ಕೆ ಎರಡು ದಿನ ಮೊದಲು ಪರದೆ ಮುಚ್ಚಿ, ಅಡಾಪ್ಟರಿಗೆ ಸಿಕ್ಕಿಸಿ ಒಂದು ಹಗಲು ಒಂದು ರಾತ್ರಿ ಬಿಡಿ, ಆಮೇಲೆ ತಾರೀಕು ಹೊಂದಿಸಿ.