ಬಾಯಿ ಕಟ್ಟಲಿಲ್ಲ, ಸಾಮಾನಿನ ಚೀಟಿ ತಿದ್ದಿದೆ

ನಾನು ದಾವಣಗೆರೆಯಲ್ಲಿ ಡಯಟೀಶಿಯನ್. ಏನು ತಿನ್ನಬೇಕು, ಏನು ಬಿಡಬೇಕು ಅಂತ ಊರವರಿಗೆಲ್ಲ ಹೇಳುವುದೇ ನನ್ನ ಸಂಬಳದ ಕೆಲಸ. ನನ್ನ ಎತ್ತರ 156 ಸೆಂಟಿಮೀಟರ್, ತೂಕ 74 ಕೆಜಿ ಇತ್ತು. ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಬಿಎಂಐ 30 ದಾಟಿತ್ತು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6.1. ಅಂದರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿದೆ. ಎದುರು ಕೂತ ಪೇಷಂಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಸುಮ್ನಾಗುತ್ತಿದ್ದರು. ಕೇಳದೇ ಇದ್ದರೂ ಪ್ರಶ್ನೆ ಏನು ಅಂತ ಗೊತ್ತಾಗುತ್ತಿತ್ತು.

ಗೊತ್ತಿಲ್ಲದೆ ತಿಂದು ದಪ್ಪ ಆದವಳಲ್ಲ ನಾನು. ಯಾವುದರಲ್ಲಿ ಎಷ್ಟು ಕ್ಯಾಲೊರಿ ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲೆ. 'ತಿಳಿವಳಿಕೆ ಕೊಟ್ಟರೆ ಜನ ಸರಿಯಾಗುತ್ತಾರೆ' ಅನ್ನುವುದು ನಿಜವಾಗಿದ್ದರೆ ನಾನು ಮೊದಲು ಸಣ್ಣ ಆಗಬೇಕಿತ್ತು, ಅಲ್ವಾ?

ನಮ್ಮ ವಿಭಾಗದಲ್ಲಿ ಹಿಂದಿನಿಂದ ಬಂದ ಒಂದು ಡಯಟ್ ಶೀಟ್ ಇದೆ. ಬೆಳಿಗ್ಗೆ ಇದು, ಮಧ್ಯಾಹ್ನ ಅದು, ಕೊನೆಯಲ್ಲಿ 'ಕರಿದ ಪದಾರ್ಥ ಬಿಡಿ, ದಿನಾ ವಾಕ್ ಮಾಡಿ'. ಒಬ್ಬ ಬಸ್ ಕಂಡಕ್ಟರ್ ಅದನ್ನು ಪೂರ್ತಿ ಓದಿ ಮಡಚಿ ಮೇಜಿನ ಮೇಲೆ ಇಟ್ಟರು. "ಮೇಡಂ, ನಾನು ಬೆಳಗಿನ ಜಾವ ಡಿಪೋಗೆ ಹೋಗ್ತೀನಿ. ಬಸ್ ಎಲ್ಲಿ ನಿಲ್ಲುತ್ತೋ ಅಲ್ಲೇ ತಿನ್ನೋದು. ಅಲ್ಲಿ ಪೂರಿ, ವಡೆ, ಪಲಾವ್ ಬಿಟ್ರೆ ಸೊಪ್ಪಿನ ಪಲ್ಯ ಯಾರು ಕೊಡ್ತಾರೆ?" ಅಂದರು. ನಾನು ಆವತ್ತು ಶೀಟ್ ಬದಿಗಿಟ್ಟು, ಆ ಹೋಟೆಲಿನಲ್ಲಿ ಸಿಗುವುದರಲ್ಲೇ ಏನು ಆರಿಸಬಹುದು ಅಂತ ಅವರ ಜೊತೆ ಕೂತು ಬರೆದೆ. ವಡೆ ಬಿಟ್ಟು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ, ಬ್ಯಾಗಲ್ಲಿ ಹುರಿದ ಕಡಲೆ. ಆಮೇಲೆ ಅದೇ ಲೆಕ್ಕ ನನ್ನ ಮನೆಗೆ ಹಾಕಿ ನೋಡಬೇಕು ಅನ್ನಿಸಿತು. ನನ್ನ ತಟ್ಟೆಗೆ ಏನು ಬರುತ್ತದೆ ಅನ್ನುವುದನ್ನು ಎಲ್ಲಿ, ಯಾರು ತೀರ್ಮಾನ ಮಾಡುತ್ತಿದ್ದಾರೆ?

ಉತ್ತರ ತಿಂಗಳ ಸಾಮಾನಿನ ಚೀಟಿಯಲ್ಲಿ ಸಿಕ್ಕಿತು. ನಮ್ಮ ಮನೆಯಲ್ಲಿ ಐದು ಜನ. ಅತ್ತೆ, ಯಜಮಾನರು, ನಾನು, ಇಬ್ಬರು ಮಕ್ಕಳು. ಚೀಟಿಯಲ್ಲಿ ಸನ್‌ಫ್ಲವರ್ ಎಣ್ಣೆ 5 ಲೀಟರ್, ಶೇಂಗಾ ಎಣ್ಣೆ 2 ಲೀಟರ್, ಸಕ್ಕರೆ 5 ಕೆಜಿ. ವರ್ಷಗಟ್ಟಲೆಯಿಂದ ಹೀಗೇ. ಅಂಗಡಿಯವರಿಗೆ ಬಾಯಿಪಾಠ, ನಾವು ಹೇಳುವುದೇ ಬೇಡ, ಕಟ್ಟಿಟ್ಟಿರುತ್ತಾರೆ. ಏಳು ಲೀಟರನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದೆ. ತಲೆಗೆ ದಿನಕ್ಕೆ 40 ಗ್ರಾಂ ಮೇಲೆ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ ಹೇಳಿರುವುದು 27 ಗ್ರಾಂ. ಸಕ್ಕರೆ ತಲೆಗೆ 33 ಗ್ರಾಂ ಬಂತು. ಇದು ಮನೆ ಡಬ್ಬಿಯದು ಮಾತ್ರ. ಬಿಸ್ಕತ್ತು, ಬೇಕರಿ, ಹೊರಗಿನ ಚಾ ಬೇರೆ. ಮಿತಿ ಇರುವುದು 25 ಗ್ರಾಂ.

ಹೆಚ್ಚಿನ ಎಣ್ಣೆ ದಿನಕ್ಕೆ ಒಂದು ದೊಡ್ಡ ಚಮಚದಷ್ಟು. ಒಂದು ಗ್ರಾಂಗೆ 9 ಕ್ಯಾಲೊರಿ. ಇದನ್ನು ಯಾರೂ ಆಸೆಪಟ್ಟು ಕುಡಿದಿದ್ದಲ್ಲ. ಒಗ್ಗರಣೆಯಲ್ಲಿ, ಪಲ್ಯದಲ್ಲಿ, ದೋಸೆ ಕಾವಲಿಯಲ್ಲಿ ಸೇರಿಕೊಂಡು ಹೊಟ್ಟೆಗೆ ಹೋಗಿದ್ದು. ಊಟಕ್ಕೆ ಕೂತ ಮೇಲೆ ನಾನು ಎಷ್ಟೇ ಗಟ್ಟಿ ಮನಸ್ಸು ಮಾಡಿದರೂ ಪಲ್ಯದಿಂದ ಎಣ್ಣೆ ಹಿಂಡಿ ತೆಗೆಯಲಾಗುತ್ತಾ? ಆಗಲೇ ಅಂದುಕೊಂಡೆ, ತಟ್ಟೆ ಮುಂದೆ ಹೋರಾಡುವುದು ಬೇಡ. ಚೀಟಿ ಹತ್ತಿರ ಹೋರಾಡೋಣ.

ಎಣ್ಣೆ ಒಟ್ಟು 5 ಲೀಟರ್, ಸಕ್ಕರೆ 3 ಕೆಜಿ ಅಂತ ಬರೆದೆ. ಅತ್ತೆಗೆ ಸಿಟ್ಟು ಬಂತು. "ಬಂದೋರಿಗೆ ಸಪ್ಪನ್ನ ಚಾ ಕೊಡೋದಾ? ಮನೆ ಮರ್ಯಾದಿ ಏನಾಗಬೇಕು?" ಅಂದರು. ಅಡುಗೆಮನೆ ಅವರದು. ಅಲ್ಲಿ ನನ್ನ ಡಿಗ್ರಿ ನಡೆಯುವುದಿಲ್ಲ. ಹಾಗಾಗಿ ಅಡುಗೆ ಹೇಗೆ ಮಾಡಬೇಕು ಅಂತ ಒಂದು ಮಾತೂ ಆಡಲಿಲ್ಲ. ವಾರದ ಎಣ್ಣೆಯನ್ನು ಅಳೆದು ಒಂದು ಬಾಟ್ಲಿಗೆ ಹಾಕಿ ಒಲೆ ಪಕ್ಕ ಇಟ್ಟೆ, ಅಷ್ಟೇ. ಮೊದಲ ವಾರ ಭಾನುವಾರ ಮಿರ್ಚಿ ಕರಿದರು, ಬುಧವಾರಕ್ಕೆ ಬಾಟ್ಲಿ ಖಾಲಿ. ಎರಡು ದಿನ ಮುಖ ಊದಿಸಿಕೊಂಡರು. ಆಮೇಲೆ ಅವರೇ ದಾರಿ ಹುಡುಕಿದರು. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಪುಡಿ, ಗುರೆಳ್ಳು ಪುಡಿ ಜಾಸ್ತಿ ಮಾಡಿ ಎಣ್ಣೆ ಕಮ್ಮಿ ಮಾಡಿದರು. ಪುಂಡಿ ಪಲ್ಯಕ್ಕೆ ಬೇಳೆ ಜಾಸ್ತಿ ಹಾಕಿದರು. ರುಚಿ ಕೆಡಲಿಲ್ಲ. ಐವತ್ತು ವರ್ಷ ಒಲೆ ಮುಂದೆ ನಿಂತವರಿಗೆ ನಾನು ರೆಸಿಪಿ ಹೇಳಿಕೊಡಲು ಹೋಗಿದ್ದರೆ ಇದು ಆಗುತ್ತಿರಲಿಲ್ಲ.

ಮಿರ್ಚಿ ಮಂಡಕ್ಕಿ ಬಿಡಲಿಲ್ಲ. ದಾವಣಗೆರೆಯಲ್ಲಿದ್ದು ಅದನ್ನು ಬಿಡಿ ಅಂತ ಯಾರಿಗೂ ಹೇಳುವುದೂ ಇಲ್ಲ. ಸಂಜೆ ನಾಲ್ಕು ಜನ ಸೇರಿದರೆ ಪೇಪರ್ ಮೇಲೆ ಮಂಡಕ್ಕಿ ಸುರಿದು ಮಾತಾಡುವುದು ಇಲ್ಲಿನ ಬದುಕು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಹುರಿಗಡಲೆ ಜಾಸ್ತಿ, ಮಿರ್ಚಿ ಒಂದು. ಇಷ್ಟೇ ನನ್ನ ಒಪ್ಪಂದ.

ಆಸ್ಪತ್ರೆಯ ಚಾದ ಕಥೆ ಬೇರೆ. ಅಲ್ಲಿ ಫ್ಲಾಸ್ಕಿನಲ್ಲೇ ಸಕ್ಕರೆ ಕಲಸಿ ಬರುತ್ತದೆ. ಬೇಕಾದರೆ ಕುಡಿಯಬೇಕು, ಬೇಡವಾದರೆ ಬಿಡಬೇಕು. ಸಕ್ಕರೆ ಇಲ್ಲದ್ದು ಕೊಡಿ ಅಂತ ನಾನೊಬ್ಬಳೇ ಕೇಳಿದಾಗ ಚಾ ಹುಡುಗ ನಕ್ಕ. "ನಿಮ್ಮೊಬ್ಬರಿಗೆ ಬೇರೆ ಫ್ಲಾಸ್ಕ್ ಹೊರೋಕಾಗುತ್ತಾ ಮೇಡಂ?" ಅವನದೂ ತಪ್ಪಲ್ಲ. ಆಮೇಲೆ ಲ್ಯಾಬಿನವರನ್ನು, ನರ್ಸ್‌ಗಳನ್ನು ವಿಚಾರಿಸಿದೆ. ಅವರಲ್ಲಿ ಶುಗರ್ ಇರುವವರೇ ಎಷ್ಟೋ ಜನ. ಎಲ್ಲರೂ ಬೇಡ ಅಂದುಕೊಂಡೇ ಕುಡಿಯುತ್ತಿದ್ದರು. ಎಲ್ಲರೂ ಒಟ್ಟಿಗೆ ಹೇಳಿದ ಮರುವಾರವೇ ಎರಡನೇ ಫ್ಲಾಸ್ಕ್ ಬಂತು. ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದ್ದು ಸಕ್ಕರೆ ಇಲ್ಲದ್ದು. ಈಗ ಅದೇ ಮೊದಲು ಖಾಲಿಯಾಗುತ್ತದೆ. ದಿನಕ್ಕೆ ನಾಲ್ಕು ಚಾ, ಒಂದೊಂದಕ್ಕೆ ಎರಡು ಚಮಚ ಅಂದರೂ ಸುಮಾರು 40 ಗ್ರಾಂ ಸಕ್ಕರೆ ಉಳಿಯಿತು. ಇದರಲ್ಲಿ ನನ್ನ ಮನೋಬಲ ಎಷ್ಟು, ಫ್ಲಾಸ್ಕಿನ ಪಾಲು ಎಷ್ಟು, ನೀವೇ ಹೇಳಿ.

ವಾಕಿಂಗ್ ಇದಕ್ಕಿಂತ ಕಷ್ಟದ್ದು. ಬೆಳಿಗ್ಗೆ ಕುಂದವಾಡ ಕೆರೆ ಕಡೆ ಹೋದರೆ ಆರಾಮಾಗಿ ಕೈ ಬೀಸಿಕೊಂಡು ನಡೆಯುವ ಗಂಡಸರು ಕಾಣುತ್ತಾರೆ. ಅವರ ಮನೆಯಲ್ಲಿ ಆ ಹೊತ್ತಿಗೆ ತಿಂಡಿ ಮಾಡುತ್ತಿರುವವರು ಯಾರು? ನನಗೆ ಬೇಕಾಗಿದ್ದು ಶೂ ಅಲ್ಲ, ಒಂದು ಗಂಟೆ. ಯಜಮಾನರಿಗೆ ಹೇಳಿದೆ: ವಾರದಲ್ಲಿ ನಾಲ್ಕು ದಿನ ಬೆಳಗಿನ ತಿಂಡಿ, ಡಬ್ಬಿ ನಿಮ್ಮದು. ಅವರಿಗೆ ಉಪ್ಪಿಟ್ಟು, ಅವಲಕ್ಕಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಮಕ್ಕಳು ಗೊಣಗಿದರು. ಗೊಣಗಲಿ ಅಂತ ಬಿಟ್ಟೆ. ಹೆಂಗಸರಿಗೆ 'ದಿನಾ ವಾಕ್ ಮಾಡಿ' ಅಂತ ಬರೆದುಕೊಡುವಾಗ ಈಗ ಗಂಡನನ್ನೂ ಒಳಗೆ ಕರೆಯುತ್ತೇನೆ.

ತೂಕ ಇಳಿಯತೊಡಗಿದಾಗ ಊರಿನ ಬಾಯಿ ಶುರುವಾಯಿತು. ದಪ್ಪ ಇದ್ದಾಗ "ಮೈಕೈ ತುಂಬಿಕೊಂಡು ಲಕ್ಷಣವಾಗಿದೀಯ" ಅಂದವರೇ ಈಗ "ಏನವ್ವಾ, ಹಿಂಗ್ ಸೊರಗಿದೀ, ಶುಗರ್ ಬಂತಾ? ಮನೇಲಿ ಏನಾದ್ರೂ ತೊಂದ್ರೆನಾ?" ಅಂದರು. ಮದುವೆ ಮನೆಯಲ್ಲಿ ಹೋಳಿಗೆ ಬೇಡ ಅಂದರೆ ಬಡಿಸುವವರಿಗೆ ಬೇಜಾರು. ಅದಕ್ಕೊಂದು ಉಪಾಯ ಮಾಡಿಕೊಂಡೆ. ಮೊದಲ ಹೋಳಿಗೆಯನ್ನು ನಿಧಾನವಾಗಿ, ತುಪ್ಪ ಹಾಕಿಸಿಕೊಂಡೇ ತಿನ್ನುತ್ತೇನೆ. ಎಲೆ ಮೇಲೆ ಹೋಳಿಗೆ ಕಾಣುತ್ತಿರುವಷ್ಟು ಹೊತ್ತು ಯಾರೂ ಇನ್ನೊಂದು ಹಾಕುವುದಿಲ್ಲ. ಕೋಸಂಬರಿ, ಪಲ್ಯ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ. ಅವರಿಗೂ ಸಮಾಧಾನ.

ನಮ್ಮ ದೇಶದವರ ಮೈಯ ಗುಣವೂ ಇದರಲ್ಲಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅನ್ನುವ ಲೆಕ್ಕ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ದೊಡ್ಡವರಲ್ಲಿ ನೂರಕ್ಕೆ ಸುಮಾರು 30 ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಹಿಂದಿನ ಸಮೀಕ್ಷೆಗಿಂತ ಇದು ಜಾಸ್ತಿ. ಅಷ್ಟು ಬೇಗ ಇಷ್ಟೊಂದು ಜನ ಒಟ್ಟಿಗೆ ಸೋಮಾರಿಗಳಾದರು ಅಂದರೆ ನಾನಂತೂ ನಂಬುವುದಿಲ್ಲ.

ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ಸಂಶೋಧಕರು 2019ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 20 ಜನರನ್ನು ಒಂದೇ ಕಡೆ ಇಟ್ಟು ಎರಡು ವಾರ ಪ್ಯಾಕೆಟ್ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಮುಂದಿಟ್ಟ ಸಕ್ಕರೆ, ಕೊಬ್ಬು, ಉಪ್ಪು ಎರಡರಲ್ಲೂ ಸಮ. ಆದರೂ ಪ್ಯಾಕೆಟ್ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಮನಸ್ಸು ಅದೇ, ಬಾಯಿ ಅದೇ, ಬದಲಾಗಿದ್ದು ಮುಂದಿಟ್ಟ ಊಟ.

ಈಗ ಪೇಷಂಟ್‌ಗಳು ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳುತ್ತಾರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಅದು ಬೇಕಾದವರಿದ್ದಾರೆ, ಡಾಕ್ಟರ್ ನೋಡಿ ಬರೆಯುತ್ತಾರೆ. ನನಗೆ ಅದರಲ್ಲಿ ಕಂಡಿದ್ದು ಇನ್ನೊಂದು. ಹಾರ್ಮೋನಿನ ದಾರಿಯಲ್ಲಿ ಕೆಲಸ ಮಾಡುವ ಔಷಧಿ ಮೈಯೊಳಗೆ ಹೋದ ಮೇಲೆ ತಿಂಡಿಪೋತ ಅನ್ನಿಸಿಕೊಂಡ ಎಷ್ಟೋ ಜನರಿಗೆ ಅರ್ಧ ತಟ್ಟೆಗೇ ಸಾಕಾಗುತ್ತದೆ. ಹಾಗಾದರೆ ಇಷ್ಟು ವರ್ಷ ಅವರ ಗುಣಕ್ಕೆ ಬೈದಿದ್ದೆಲ್ಲ ಯಾಕೆ?

ಇದನ್ನೆಲ್ಲ ಕೇಳಿ ಕೆಲವರು ಖುಷಿಯಾಗಿ "ಹಾಗಾದ್ರೆ ನಮ್ಮ ಕೈಯಲ್ಲಿ ಏನೂ ಇಲ್ಲ ಬಿಡಿ" ಅನ್ನುತ್ತಾರೆ. ಅದನ್ನೂ ಒಪ್ಪುವುದಿಲ್ಲ. ಚೀಟಿ ನನ್ನ ಕೈಯಲ್ಲಿತ್ತು. ಫ್ಲಾಸ್ಕ್ ಕೇಳುವುದು ನನ್ನ ಕೈಯಲ್ಲಿತ್ತು. ಆದರೆ ಚೀಟಿ ಬರೆಯಲು ಕೈಯಲ್ಲಿ ದುಡ್ಡಿರಬೇಕು. ನನಗೆ ತಿಂಗಳ ಸಂಬಳ ಇದೆ. ದಿನಗೂಲಿಯವರು ಐದು ರೂಪಾಯಿ ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟು ಮಗುವನ್ನು ಸಮಾಧಾನ ಮಾಡಿದರೆ ಅವರಿಗೆ ನಾನು ಏನು ಹೇಳಲಿ? 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ಐಸ್‌ಕ್ರೀಮ್ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಸಕ್ಕರೆ ಹಾಕಿದ ಸೋಡಾ ಪಾನೀಯಕ್ಕೆ ಮಾತ್ರ ಶೇ 40. ಸಕ್ಕರೆ ಬಾಟ್ಲಿಯಲ್ಲಿದ್ದರೆ ಕೆಟ್ಟದ್ದು, ಪ್ಯಾಕೆಟ್‌ನಲ್ಲಿದ್ದರೆ ಪರವಾಗಿಲ್ಲ ಅಂತಲೋ ಏನೋ.

ನನ್ನ ತೂಕ ಈಗ 66. ಸೊಂಟ 94ರಿಂದ 85ಕ್ಕೆ ಬಂದಿದೆ, ಶುಗರ್ 5.6. ಬಿಎಂಐ ಲೆಕ್ಕದಲ್ಲಿ ನಾನು ಇನ್ನೂ ಬೊಜ್ಜಿನ ಸಾಲಿನಲ್ಲೇ ಇದ್ದೇನೆ. ಇದಕ್ಕಿಂತ ಕೆಳಗೆ ಇಳಿಯದೆ ನಿಂತಿದೆ, ನಾನೂ ಅದರ ಬೆನ್ನು ಹತ್ತಿಲ್ಲ. ಶುಗರ್ ಇಳಿದಿದೆಯಲ್ಲ, ಅದು ಮುಖ್ಯ.

ಈಗ ಕೈ ಹಾಕಿರುವುದು ಮಗನ ಶಾಲೆ ಗೇಟಿನ ಎದುರಿನ ಅಂಗಡಿಗೆ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಗಳನ್ನು ಮಕ್ಕಳಿಗೆ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಚಿಪ್ಸ್ ಪ್ಯಾಕೆಟ್‌ಗಳು ಆ ಅಂಗಡಿಯ ಬಾಗಿಲಿಗೇ ಮಾಲೆಯ ಹಾಗೆ ನೇತಾಡುತ್ತವೆ. ಹೆಡ್‌ಮಾಸ್ಟರನ್ನು ಕೇಳಿದರೆ "ಗೇಟ್ ಹೊರಗಿಂದು ನಮ್ಮ ಕೈಲಿಲ್ಲ ಮೇಡಂ" ಅಂದರು. ನಾಲ್ಕೈದು ಜನ ಪೋಷಕರು ಸೇರಿ ಆಹಾರ ಸುರಕ್ಷತಾ ಅಧಿಕಾರಿಗೆ ಅರ್ಜಿ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಮಗನ ಬ್ಯಾಗಿಗೆ ಶೇಂಗಾ ಉಸುಳಿ ಡಬ್ಬಿ ಹಾಕಿ ಕಳಿಸುತ್ತೇನೆ. ಡಬ್ಬಿ ಖಾಲಿಯಾಗಿಯೇ ಬರುತ್ತದೆ. ತಿನ್ನುವುದು ಅವನೋ ಅವನ ಗೆಳೆಯರೋ, ವಿಚಾರಿಸಲು ಹೋಗಿಲ್ಲ.