ಶೆಡ್ಡಿನಲ್ಲೇ ಟಿಯರ್‌ಡ್ರಾಪ್ ಟ್ರೇಲರ್: ಅಳತೆ, ಸಾಮಾನು, ಸೋರದ ಹಾಗೆ ಕಟ್ಟುವ ಬಗೆ

ಪ್ಲೈವುಡ್ ಶೀಟು ಎಂಟಕ್ಕೆ ನಾಲ್ಕಡಿಯದು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ, ಕಣ್ಣೀರ ಹನಿಯ ಆಕಾರದ ಪುಟ್ಟ ಪೆಟ್ಟಿಗೆಯೇ ಟಿಯರ್‌ಡ್ರಾಪ್ ಟ್ರೇಲರು. ಅದರ ಅಳತೆ ಹುಟ್ಟಿದ್ದು ಅಲ್ಲಿಂದಲೇ. ಒಂದು ಗೋಡೆಗೆ ಒಂದು ಶೀಟು, ಹಾಗಾಗಿ ಎಂಟಡಿ ಉದ್ದ, ನಾಲ್ಕಡಿ ಎತ್ತರ. ಅಗಲ ಇಬ್ಬರಿಗಾದರೆ ಐದಡಿ ಇರಲಿ. ಒಳಗೆ ಆರಡಿ ನಾಲ್ಕಿಂಚಿನ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಒಂದೂವರೆ ಅಡಿಯ ಅಡಿಗೆ ಕಟ್ಟೆ. 1930ರ ದಶಕದಲ್ಲಿ ಅಮೆರಿಕದವರು ಕಾರಿನ ಹಿಂದೆ ಕಟ್ಟಿಕೊಂಡು ತಿರುಗಿದ್ದು ಇದನ್ನೇ. ಕೊಲ್ಲಾರಿ ಬಂಡಿ ಹೂಡಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂಡಿಯಲ್ಲೇ ಮಲಗೆದ್ದು ಬರುವ ನಮ್ಮ ಕಡೆಯವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ.

ಇಂಥ ಟ್ರೇಲರು ಕೆಡುವುದಕ್ಕೆ ಮುಖ್ಯ ಕಾರಣ ಎರಡೇ: ಭಾರ ತಪ್ಪಿದ ಜಾಗದಲ್ಲಿ ಕೂರುವುದು, ಮತ್ತು ನೀರು. ಬಣ್ಣ, ಪರದೆ, ದೀಪಗಳ ಚಿಂತೆ ಆಮೇಲಿನದು.

ಕಬ್ಬಿಣಕ್ಕಿಂತ ಮೊದಲು ಕಾಗದ

1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕೇಬೇಕು. ಮನೆಯಲ್ಲಿ ಬೆಸೆದ ಚಾಸಿಗೆ (ಅಡಿಯ ಕಬ್ಬಿಣದ ಚೌಕಟ್ಟಿಗೆ) ಮಾದರಿ ಅನುಮೋದನೆ, ಅಂದರೆ ಆ ಮಾದರಿ ರಸ್ತೆಗೆ ತಕ್ಕದ್ದೆಂಬ ಸರ್ಕಾರಿ ಒಪ್ಪಿಗೆ, ಇರುವುದಿಲ್ಲ, ಕಗ್ಗಂಟಾಗುವುದು ಅಲ್ಲೇ. ಆದ್ದರಿಂದ ಪೈಪು ಕೊಳ್ಳುವ ಮೊದಲು ನಕ್ಷೆ ಬರೆದುಕೊಂಡು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ (ಬೆಳಗಾವಿ ಕೆಎ 22, ವಿಜಯಪುರ ಕೆಎ 28, ಬಾಗಲಕೋಟೆ ಕೆಎ 29), ನಿರೀಕ್ಷಕರನ್ನು ನೇರವಾಗಿ ಕೇಳಿ. ಅನುಮೋದನೆ ಇರುವ ಸಣ್ಣ ಟ್ರೇಲರ್ ಚಾಸಿ ಕೊಂಡು ಮೇಲಿನ ಪೆಟ್ಟಿಗೆ ಮಾತ್ರ ಕಟ್ಟುವುದು ಸಲೀಸಾದ ದಾರಿ. ಹಾಗೆ ಮಾಡಿದರೂ ಪೆಟ್ಟಿಗೆಯ ನಕ್ಷೆ ತೋರಿಸಿಯೇ ಮುಂದುವರಿಯಿರಿ. ಮುಂದೆ ಹೇಳುವ ಚಾಸಿಯ ಲೆಕ್ಕ ಕೊಂಡದ್ದನ್ನು ಪರೀಕ್ಷಿಸಲಿಕ್ಕೂ ಬೇಕಾಗುತ್ತದೆ.

ಕೆಲಸ ಶುರುಮಾಡಲು ದೀಪಾವಳಿ ಕಳೆದ ಮೇಲಿನ ಕಾಲ ಒಳ್ಳೆಯದು. ಬೆಳಗಾವಿ, ಖಾನಾಪುರದ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಪ್ಲೈ ತೇವ ಹೀರುತ್ತದೆ, ಗೋಂದು ಗಟ್ಟಿಯಾಗುವುದಿಲ್ಲ, ಹಾಗೇ ಬಣ್ಣ ಹೊಡೆದರೆ ಬೇಸಿಗೆಗೆ ಗುಳ್ಳೆ ಏಳುತ್ತದೆ.

ಚಾಸಿ

50×50×3 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಚೌಕ ಪೈಪು, 6 ಮೀಟರಿನವು ಮೂರು ಸಾಕು. ಮೀಟರಿಗೆ ಸುಮಾರು 4.3 ಕಿಲೊ ತೂಗುತ್ತದೆ. ಬೆಳಗಾವಿಯವರಿಗೆ ಉದ್ಯಮಬಾಗದಲ್ಲಿ ಕತ್ತರಿಸಿ ಕೊಡುವವರು, ಬೆಸೆಯುವವರು ಇಬ್ಬರೂ ಸಿಗುತ್ತಾರೆ. ಹೊರ ಚೌಕಟ್ಟು 2440×1524 ಮಿ.ಮೀ., ಎರಡೆರಡು ಅಡಿಗೆ ಒಂದರಂತೆ ಐದು ಅಡ್ಡ ಪೈಪು. ನಡುವಿನದು ಸರಿಯಾಗಿ ನಾಲ್ಕಡಿಗೆ ಬರಬೇಕು, ನೆಲದ ಎರಡು ಪ್ಲೈ ತುಂಡು ಕೂಡುವುದು ಅದರ ಮೇಲೆಯೇ. ಮುಂದೆ ಹಿಚ್ಚಿನ (ಎಳೆಯುವ ಗಾಡಿಗೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಯ) ಕಡೆ ಚಾಚುವ ಎರಡು ಪೈಪು ಚೌಕಟ್ಟಿನ ಅಡಿಯಿಂದ ಹಿಂದಕ್ಕೆ ಹೋಗಿ ಎರಡನೆಯ ಅಡ್ಡ ಪೈಪಿಗೂ ಬೆಸೆದುಕೊಳ್ಳಬೇಕು. ಮುಂದಿನ ಪೈಪಿಗಷ್ಟೇ ಹಚ್ಚಿ ಬಿಟ್ಟರೆ ಸ್ಪೀಡ್ ಬ್ರೇಕರಿನ ಹೊಡೆತವೆಲ್ಲ ಆ ಒಂದೇ ಬೆಸುಗೆ ತಿಂದು, ಒಂದು ದಿನ ಬಿರುಕು ಬಿಡುತ್ತದೆ.

ಮೊದಲು ಎಲ್ಲ ಮೂಲೆಗಳಿಗೆ ಚುಕ್ಕೆ ಬೆಸುಗೆ ಮಾತ್ರ ಹಾಕಿ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡೂ ಕರ್ಣ 2877 ಮಿ.ಮೀ. ಬರಬೇಕು. ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಡಿದು ಸರಿಮಾಡಿ, ಆಮೇಲೆ ಎದುರು ಬದುರು ಮೂಲೆಗಳನ್ನು ಸರದಿಯಂತೆ ಬೆಸೆಯಿರಿ. ಒಂದೇ ಬದಿ ಪೂರ್ತಿ ಬೆಸೆದು ಮುಗಿಸಿದರೆ ಕಾವಿಗೆ ಚೌಕಟ್ಟು ಆ ಕಡೆ ಎಳೆದುಕೊಳ್ಳುತ್ತದೆ. ಪೈಪಿನ ಬಾಯಿ ಮುಚ್ಚಿ, ಆದರೆ ಅಡಿಯಲ್ಲಿ 6 ಮಿ.ಮೀ. ತೂತು ಬಿಡಿ, ಒಳಗೆ ಸೇರಿದ ನೀರು ಹೊರಗೆ ಬರಲು ದಾರಿ ಇರಲಿ.

ಟಯರು 145/80 ಆರ್12 ಸಾಕು. ಲೋಡ್ ಇಂಡೆಕ್ಸ್ 74 ಇದ್ದರೆ ಒಂದೊಂದು 375 ಕಿಲೊ ಹೊರುತ್ತದೆ. ಕಮಾನು ಪಾಟಾ (ಲೀಫ್ ಸ್ಪ್ರಿಂಗ್) ಮಾತ್ರ ಹಗುರ ಇರಲಿ. ಗಟ್ಟಿ ಇದ್ದರೆ ಒಳ್ಳೆಯದೆಂದು ಗುಜರಿಯಿಂದ ಸಾಮಾನು ಗಾಡಿಯ ಎಂಟು ಪಾಟಾದ ಕಮಾನು ತಂದು ಹಾಕುವವರಿದ್ದಾರೆ. 450 ಕಿಲೊ ಪೆಟ್ಟಿಗೆಗೆ ಅದು ಬಾಗುವುದೇ ಇಲ್ಲ. ಟ್ರೇಲರು ಪುಟಿಯುತ್ತ ಹೋಗಿ ಸ್ಕ್ರೂಗಳು ತಾವೇ ಕಳಚಿಕೊಳ್ಳುತ್ತವೆ. ಇನ್ನೊಂದು ಮಾತು: ವಿಜಯಪುರ, ಬಾಗಲಕೋಟೆಯ ಎರಿ ಮಣ್ಣಿನ ಹಾದಿಯಲ್ಲಿ ಒಂದು ಮಳೆ ಬಿದ್ದರೆ ಟಯರಿಗೆ ಮಣ್ಣು ರೊಟ್ಟಿಯ ಹಾಗೆ ಮೆತ್ತಿಕೊಳ್ಳುತ್ತದೆ. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮೂರಿಂಚು ಬಿಡದಿದ್ದರೆ ಚಕ್ರ ತಿರುಗುವುದೇ ನಿಲ್ಲುತ್ತದೆ.

ಮುಂಭಾರ, ಹಿಂಭಾರ

ಚಕ್ಕಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಇಲ್ಲಿ ನೊಗದ ಜಾಗದಲ್ಲಿ ಜೀಪಿನ ಹಿಚ್ಚು. ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15 ಹಿಚ್ಚಿನ ಮೇಲೆ ಕೂರಬೇಕು. 450 ಕಿಲೊಗೆ ಅದು 45ರಿಂದ 67 ಕಿಲೊ. ಅದಕ್ಕಿಂತ ಕಡಿಮೆಯಾದರೆ 60 ಕಿ.ಮೀ. ವೇಗದ ಮೇಲೆ ಟ್ರೇಲರು ಬಾಲ ಬೀಸಲು ಶುರುಮಾಡಬಹುದು, ಒಮ್ಮೆ ಬೀಸತೊಡಗಿದರೆ ಬ್ರೇಕು ಒತ್ತಿದಷ್ಟೂ ಹೆಚ್ಚುತ್ತದೆ. ವಿಪರೀತ ಹೆಚ್ಚಾದರೆ ಜೀಪಿನ ಮೂತಿ ಮೇಲೆದ್ದು ಸ್ಟೇರಿಂಗು ಹಗುರಾಗುತ್ತದೆ.

ಲೆಕ್ಕ ಸುಲಭ. ಹಿಚ್ಚಿನ ಗುಂಡಿನಿಂದ ಅಚ್ಚಿಗೆ 2.8 ಮೀಟರ್ ಇದೆಯೆನ್ನಿ. ಶೇ. 12 ಬೇಕಾದರೆ ಭಾರದ ನಡುಬಿಂದು ಅಚ್ಚಿಗಿಂತ 2.8ರ ಶೇ. 12ರಷ್ಟು, ಅಂದರೆ 34 ಸೆಂ.ಮೀ. ಮುಂದಿರಬೇಕು. ಈ ಅಳತೆಯ ಪೆಟ್ಟಿಗೆಗೆ ಅಚ್ಚು ಮುಂದಿನ ಅಂಚಿನಿಂದ ಸುಮಾರು 1.6 ಮೀಟರಿಗೆ ಬರುತ್ತದೆ. ನೋಡಲಿಕ್ಕೆ ತೀರಾ ಹಿಂದೆ ಅನಿಸುತ್ತದೆ, ನಡುವಿಗೆ ಸರಿಸುವ ಆಸೆಯಾಗುತ್ತದೆ, ಸರಿಸಬೇಡಿ. ಅಡಿಗೆ ಕಟ್ಟೆ, 5 ಕಿಲೊ ಸಿಲಿಂಡರು, ಪಾತ್ರೆಗಳೆಲ್ಲ ಹಿಂದೆಯೇ ಇರುವುದನ್ನು ಮರೆಯಬಾರದು. 20 ಲೀಟರ್ ನೀರಿನ ಕ್ಯಾನು ಮತ್ತು ಬ್ಯಾಟರಿಗೆ ಮುಂದೆ ಹಿಚ್ಚಿನ ಬದಿಯಲ್ಲೊಂದು ಪೆಟ್ಟಿಗೆ ಮಾಡಿ.

ಕಮಾನನ್ನು ಚಾಸಿಗೆ ಹಿಡಿಸುವ ಹ್ಯಾಂಗರುಗಳನ್ನು ಮೊದಲೇ ಬೆಸೆಯದೆ, ನಾಲ್ಕಿಂಚು ಆಚೀಚೆ ಸರಿಯುವ ಹಾಗೆ ಬೋಲ್ಟಿನ ಮೇಲೆ ಕೂರಿಸಿ. ಪೆಟ್ಟಿಗೆ ಮುಗಿದ ಮೇಲೆ ಸಾಮಾನೆಲ್ಲ ತುಂಬಿ, ಸಮತಟ್ಟಾದ ನೆಲದಲ್ಲಿ ಹಿಚ್ಚಿನ ಅಡಿಗೆ ಇಟ್ಟಿಗೆ ಪೇರಿಸಿ, ಅದರ ಮೇಲೆ ಆಳಿನ ತೂಕ ನೋಡುವ ಕಾಂಟಾ ಇಡಿ. ಟ್ರೇಲರು ಜೀಪಿಗೆ ಕಟ್ಟಿದಾಗಿನ ಎತ್ತರದಲ್ಲೇ ಮಟ್ಟಸವಾಗಿ ನಿಂತಿರಬೇಕು, ಇಲ್ಲದಿದ್ದರೆ ಕಾಂಟಾ ಸುಳ್ಳು ಹೇಳುತ್ತದೆ. ಒಟ್ಟು ತೂಕಕ್ಕೆ ವೇಬ್ರಿಡ್ಜಿಗೆ ಹೋಗಿ. ತೂಕ ಹೊಂದಿದ ಮೇಲೆ ಹ್ಯಾಂಗರು ಭದ್ರ ಮಾಡಿ.

ಪೆಟ್ಟಿಗೆ

ಪ್ಲೈ ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ. ಅದು ಮರೀನ್ ದರ್ಜೆ. ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿನೀರು ತಡೆಯುವಂಥದ್ದು) ಆದರೆ ಒಳಗಿನ ಕಪಾಟಿಗೆ ನಡೆಯುತ್ತದೆ, ಎಂಆರ್ (ತೇವ ಮಾತ್ರ ತಡೆಯುವಂಥದ್ದು) ಬೇಡವೇ ಬೇಡ. 12 ಮಿ.ಮೀ. (ಬಡಿಗರ ಲೆಕ್ಕದಲ್ಲಿ ನಾಲ್ಕು ಸೂತು) ನಾಲ್ಕು ಶೀಟು: ಎರಡು ಗೋಡೆಗೆ, ಎರಡು ನೆಲಕ್ಕೆ. 9 ಮಿ.ಮೀ. ಒಂದು, ಹಾಸಿಗೆಗೂ ಅಡಿಗೆ ಕಟ್ಟೆಗೂ ನಡುವಿನ ಗೋಡೆಗೆ. 4 ಮಿ.ಮೀ. ಆರು, ಚಾವಣಿಯ ಒಳಮೈ ಹೊರಮೈಗೆ. 40×25 ಮಿ.ಮೀ. ಮರದ ರೀಪು ಐದಡಿಯವು 14.

ಗೋಡೆಯ ಬಾಗು ಬರೆಯಲು ಕಂಪಾಸು ಬೇಡ. ಶೀಟಿನ ಮೇಲೆ ಅಲ್ಲಲ್ಲಿ ಮೊಳೆ ಹೊಡೆದು, ಅವುಗಳ ನಡುವೆ ಬಿದಿರಿನ ದಬ್ಬೆ ಬಗ್ಗಿಸಿ ಪೆನ್ಸಿಲ್ ಎಳೆಯಿರಿ. ದಬ್ಬೆ ತಾನಾಗಿ ಬಾಗುವ ಗೆರೆಯಲ್ಲಿ ಪ್ಲೈ ಕೂಡ ಬಾಗುತ್ತದೆ. ಎಲ್ಲೂ 45 ಸೆಂ.ಮೀ.ಗಿಂತ ಚಿಕ್ಕ ತ್ರಿಜ್ಯ ಬರದಂತೆ ನೋಡಿಕೊಳ್ಳಿ. ಎರಡು ಶೀಟನ್ನೂ ಒಂದರ ಮೇಲೊಂದು ಇಟ್ಟು ಬಿಗಿದು ಒಟ್ಟಿಗೇ ಜಿಗ್‌ಸಾದಲ್ಲಿ ಕೊಯ್ದು, ಒಟ್ಟಿಗೇ ಉಜ್ಜಿ. ಬೇರೆ ಬೇರೆ ಕೊಯ್ದಾಗ ಬರುವ ಒಂದು ಸೂತಿನ ವ್ಯತ್ಯಾಸ ಹಿಂದಿನ ಮುಚ್ಚಳಕ್ಕೆ ಬರುವಷ್ಟರಲ್ಲಿ ಒಂದು ಮೂಲೆ ಕೂರದ ಹಾಗೆ ಮಾಡುತ್ತದೆ.

ನೆಲದ ಎರಡು ತುಂಡು ಐದು-ನಾಲ್ಕಡಿಯವು, ಉಳಿಯುವ ಮೂರಡಿಯ ತುಂಡುಗಳನ್ನು ಬಿಸಾಡಬೇಡಿ. ನೆಲದ ಅಡಿಮೈಗೆ ಡಾಂಬರು ಪೇಂಟು ಎರಡು ಸಲ. ಪ್ಲೈ ನೀರು ಕುಡಿಯುವುದು ಮೈಯಿಂದಲ್ಲ, ಅಂಚಿನಿಂದ. ಆದ್ದರಿಂದ ಅಂಚಿಗೆ ತೆಳು ಇಪಾಕ್ಸಿ, ಅದು ಹೀರಿದ ಮೇಲೆ ಇನ್ನೊಂದು ಸಲ, ಕೊನೆಗೆ ಪೇಂಟು. ಬಾಗಿಲು, ಕಿಟಕಿ ಕೊಯ್ದ ಅಂಚಿಗೂ, ಕೊರೆದ ಪ್ರತಿ ತೂತಿಗೂ ಇದೇ ಉಪಚಾರ. ಚಾಸಿಗೂ ನೆಲಕ್ಕೂ ನಡುವೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಹಾಸಿ. ಚೌಕ ಪೈಪಿನ ಮೂಲಕವೇ ಬೋಲ್ಟು ಬಿಗಿದರೆ ಪೈಪು ಚಪ್ಪಟೆಯಾಗುತ್ತದೆ. ಪೈಪಿನ ಬದಿಗೆ ಎಲ್ ಆಕಾರದ ಪಟ್ಟಿ ಬೆಸೆದು ಅದಕ್ಕೆ ಎಂ10 ಬೋಲ್ಟು ಹಾಕಿ, ಹತ್ತು ಸಾಕು. ಗೋಡೆಗಳು ನೆಲದ ಹೊರಗಿನಿಂದ ಬಂದು ಎರಡು ಸೆಂ.ಮೀ. ಕೆಳಗಿಳಿಯಲಿ, ಹರಿದ ನೀರು ತೊಟ್ಟಿಕ್ಕಿ ಹೋಗಲಿ.

ರೀಪುಗಳನ್ನು ಗೋಡೆಯಿಂದ ಗೋಡೆಗೆ ಅಡಿಗೊಂದರಂತೆ ಕೂರಿಸಿದ ಮೇಲೆ ಚಾವಣಿ. ಅನೇಕರು ಎಡವುವುದು ಇಲ್ಲಿ. 4 ಮಿ.ಮೀ. ಶೀಟು ಕೈಗೆತ್ತಿಕೊಂಡು ಮೇಲ್ಪದರದ ನಾರು ನೋಡಿ. ಎಂಟಡಿಯ ಉದ್ದಕ್ಕೆ ಓಡಿರುತ್ತದೆ. ನಾರಿನ ಉದ್ದಕ್ಕೆ ಬಗ್ಗಿಸಹೋದರೆ ಚಟ್ಟೆಂದು ಮುರಿಯುತ್ತದೆ. ನಾರು ಟ್ರೇಲರಿಗೆ ಅಡ್ಡಲಾಗಿ ಬರುವ ಹಾಗಿಟ್ಟರೆ ಅದೇ ಶೀಟು ಚಾಪೆಯ ಹಾಗೆ ಸುರುಳಿಯಾಗುತ್ತದೆ. ಅಂದರೆ ಶೀಟನ್ನು ಅಡ್ಡ ಹಾಕಿ, ಒಳಮೈಗೆ 1524 ಮಿ.ಮೀ., ಹೊರಮೈಗೆ ಎರಡು ಗೋಡೆಯ ದಪ್ಪ ಸೇರಿಸಿ 1548 ಮಿ.ಮೀ. ಕೊಯ್ಯಬೇಕು. ಜೋಡಣೆ ರೀಪಿನ ಮೇಲೆಯೇ ಬರಲಿ. ಮುಂದಿನ ಬಾಗಿನಲ್ಲಿ ಹಟ ಮಾಡಿದರೆ ಹಿಂದಿನ ರಾತ್ರಿ ಹಸಿ ಗೋಣಿ ಹೊದಿಸಿಟ್ಟು ಬೆಳಗ್ಗೆ ಬೆಲ್ಟಿನಿಂದ ಬಿಗಿದು, ಪೂರ್ತಿ ಒಣಗಿದ ಮೇಲೆ ಗೋಂದು ಹಚ್ಚಿ. ಒಳಮೈಗೂ ಹೊರಮೈಗೂ ನಡುವೆ 25 ಮಿ.ಮೀ. ಥರ್ಮಾಕೋಲ್ ತುಂಬಿ, ವಿಜಯಪುರದ ಏಪ್ರಿಲ್‌ನಲ್ಲಿ ಇದಿಲ್ಲದೆ ಒಳಗೆ ಕೂರಲಾಗದು.

ಮುಚ್ಚಳ ಮತ್ತು ಹೊದಿಕೆ

ನೆಲದಿಂದ ಉಳಿದ ತುಂಡುಗಳಲ್ಲಿ ಮುಚ್ಚಳದ ನಾಲ್ಕು ಪಕ್ಕೆಲುಬು ಕೊಯ್ಯಿರಿ, ಪ್ರತಿಯೊಂದೂ ಎರಡು ಪದರ, 6 ಸೆಂ.ಮೀ. ಆಳ. ಮುಚ್ಚಳವನ್ನು ಬೆಂಚಿನ ಮೇಲೆ ಮಾಡಿ ತಂದು ಕೂರಿಸಿದರೆ ಕೂರುವುದಿಲ್ಲ. ಬಗ್ಗಿಸಿ ಅಂಟಿಸಿದ ಪ್ಲೈ ಬೆಲ್ಟು ಬಿಚ್ಚಿದೊಡನೆ ನೆಟ್ಟಗಾಗಲು ನೋಡುತ್ತದೆ, ಕೆಳಗಿನ ಅಂಚು ಒಂದು ಸೆಂ.ಮೀ. ಹೊರಗೆ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆಯೇ ಬೆಲ್ಟು ಬಿಗಿದು ಕಟ್ಟಿ 24 ಗಂಟೆ ಬಿಡಿ, ಪಕ್ಕೆಲುಬಿನ ಬಾಗನ್ನು ಒಂದು ಕೂದಲೆಳೆ ಹೆಚ್ಚಿಸಿರಿ. 18 ಕಿಲೊದ ಮುಚ್ಚಳಕ್ಕೆ 250 ನ್ಯೂಟನ್ನಿನ ಗ್ಯಾಸ್ ಸ್ಟ್ರಟ್ ಜೋಡಿ ಹೊಂದುತ್ತದೆ. ಕಾರಿನ ಡಿಕ್ಕಿಯಿಂದ ಕಿತ್ತದ್ದು ಹೆಚ್ಚು ಬಿಗಿಯಾದರೆ ಕೀಲನ್ನೇ ಎಬ್ಬಿಸುತ್ತದೆ.

ಆ ಕೀಲೇ ಸೋರುವ ಮೊದಲ ಜಾಗ. ಉದ್ದ ಪಿಯಾನೊ ಹಿಂಜು ಹಾಕಿ, ಅದರ ಮೇಲೆ ನಾಲ್ಕಿಂಚು ಅಗಲದ ರಬ್ಬರ್ ಶೀಟಿನ ಸೆರಗು ಇಳಿಬಿಡಿ. ಸೆರಗಿನ ಮೇಲಂಚು ಚಾವಣಿಯ ತಗಡಿನ ಅಡಿಗೆ ಹೋಗಬೇಕು.

ಹೊದಿಕೆಗೆ 0.8 ಮಿ.ಮೀ. ಅಲ್ಯುಮಿನಿಯಂ ತಗಡು. ಜೋಡಣೆ ಹೆಂಚಿನ ಹಾಗೆ: ಮೇಲಿನದು ಕೆಳಗಿನದರ ಮೇಲೆ ಎರಡಿಂಚು ಹಾಯಬೇಕು. 40 ಡಿಗ್ರಿ ಏರಿಳಿತಕ್ಕೆ ಎಂಟಡಿಯ ತಗಡು 2 ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ. ನಡುವೆಲ್ಲ ಸ್ಕ್ರೂ ಜಡಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಅಂಚಿನ ಪಟ್ಟಿಯ ಅಡಿಯಲ್ಲಿ ಮಾತ್ರ ಹಿಡಿಯಿರಿ, ತೂತು ಸ್ಕ್ರೂಗಿಂತ ದೊಡ್ಡದಿರಲಿ, ಸ್ಕ್ರೂ ಸ್ಟೇನ್‌ಲೆಸ್ 304 ಇರಲಿ. ಪಟ್ಟಿಯ ಅಡಿಗೆ ಬ್ಯೂಟೈಲ್ ಟೇಪು, ಹೊರಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ಸಿಲಿಕೋನ್ ಅಗ್ಗ ನಿಜ, ಆದರೆ ಒಮ್ಮೆ ಹಚ್ಚಿದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯದು, ಬೇರೆ ಸೀಲಂಟೂ ಹಿಡಿಯದು.

ಗಾಳಿ, ತಂತಿ

ಎದುರು ಬದುರು ಎರಡು ಕಿಂಡಿ, ಒಂದು ಕೆಳಗೆ, ಒಂದು ಚಾವಣಿಯಲ್ಲಿ 12 ವೋಲ್ಟಿನ ಫ್ಯಾನಿನೊಂದಿಗೆ. ಚಳಿಗೆಂದು ಒಳಗೆ ಶಿಗಡಿ ಇಡುವುದು ಜೀವಕ್ಕೆ ಅಪಾಯ, ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಅಡಿಗೆ ಅನಿಲ ಗಾಳಿಗಿಂತ ಭಾರ, ಹಾಗಾಗಿ ಸಿಲಿಂಡರಿನ ಗೂಡಿಗೆ ನೆಲಮಟ್ಟದಲ್ಲಿ ಹೊರಗೆ ತೂತು ಬೇಕು.

ದೀಪ, ಫ್ಯಾನು, ಫೋನು ಸೇರಿ ರಾತ್ರಿಗೆ ಸುಮಾರು 150 ವ್ಯಾಟ್-ಅವರ್. 12 ವೋಲ್ಟ್ 50 ಎಎಚ್ ಲಿಥಿಯಂ ಬ್ಯಾಟರಿ ಮೂರು ನಾಲ್ಕು ರಾತ್ರಿಗೆ ಬರುತ್ತದೆ. ಫ್ಯೂಸು ಬ್ಯಾಟರಿಯ ಗೇಣಿನೊಳಗೇ ಇರಲಿ. ಜೀಪಿನಿಂದ ಟ್ರೇಲರಿನ ದೀಪಗಳಿಗೆ ಕರೆಂಟು ಕೊಡುವ ಏಳು ಪಿನ್ನಿನ ಸಾಕೆಟ್ಟಿಗೆ 12ಎನ್ ಎಂಬ ತಂತಿ ಕ್ರಮ: 1 ಹಳದಿ ಎಡ ಇಂಡಿಕೇಟರ್, 2 ನೀಲಿ ಮಂಜುದೀಪ, 3 ಬಿಳಿ ಅರ್ಥ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಹಿಂದೀಪ, 6 ಕೆಂಪು ಬ್ರೇಕು, 7 ಕಪ್ಪು ಎಡ ಹಿಂದೀಪ. ಅರ್ಥ್ ಹಿಚ್ಚಿನ ಗುಂಡಿನ ಮೂಲಕ ಸಿಗುತ್ತದೆಂದು ಬಿಳಿ ತಂತಿ ಬಿಟ್ಟರೆ ಗ್ರೀಸು ಹಚ್ಚಿದ ದಿನವೇ ದೀಪ ಮಿಣುಕುತ್ತದೆ.

ರಸ್ತೆಗೆ ಮೊದಲು

ಒಳಗೋಡೆಗೆ ಹಳೆಯ ಪೇಪರು ಅಂಟಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನ ಜೋಡಣೆಯಿಂದ ಶುರುಮಾಡಿ ಹಂತಹಂತವಾಗಿ ಮೇಲಕ್ಕೆ ಹೋಗಬೇಕು, ಒಂದೊಂದು ಹಂತಕ್ಕೆ ಐದು ನಿಮಿಷ. ಮೇಲಿನಿಂದ ಬಿಟ್ಟರೆ ಎಲ್ಲ ಜೋಡಣೆಯೂ ಒಟ್ಟಿಗೆ ತೊಯ್ದು ಸೋರುವುದು ಯಾವುದೆಂದು ತಿಳಿಯದು.

ಹಿಚ್ಚು ಜೀಪಿನ ಚಾಸಿಗೆ ಬೋಲ್ಟಾಗಿರಬೇಕು, ಬಂಪರಿಗಲ್ಲ. ಎರಡು ಸುರಕ್ಷತಾ ಸರಪಳಿ ಹಿಚ್ಚಿನ ಅಡಿಯಲ್ಲಿ ಅಡ್ಡಡ್ಡ ಹಾಯಲಿ. ಹಿಚ್ಚು ಕಳಚಿದರೆ ಟ್ರೇಲರಿನ ಮೂತಿ ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ಓಡುವಾಗ ಒಳಗೆ ಯಾರೂ ಇರಕೂಡದು. ಚೋರ್ಲಾ ಘಾಟಿನಂಥ ಇಳಿಜಾರಿನಲ್ಲಿ ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ, ಈ ಟ್ರೇಲರಿಗೆ ತನ್ನದೇ ಬ್ರೇಕಿಲ್ಲ. ಮೊದಲ 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಚಕ್ರದ ನಟ್ಟು ಮತ್ತೆ ಬಿಗಿದು, ಚಕ್ರದ ನಡುವಿನ ಹಬ್ಬಿಗೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾದಿದ್ದರೆ ಬೇರಿಂಗು ಅತಿ ಬಿಗಿ: ಹಬ್ಬಿನ ನಡುವೆ ಬೇರಿಂಗು ಹಿಡಿದಿರುವ ನಟ್ಟನ್ನು (ಚಕ್ರದ ನಟ್ಟನ್ನಲ್ಲ) ಒಂದು ಸುತ್ತಿನ ಆರನೆಯ ಒಂದು ಭಾಗದಷ್ಟು ಸಡಿಲಿಸಿ, ಹೊಸ ಕಾಟರ್ ಪಿನ್ನು ಹಾಕಿ.